ಒಂದು ಮನೆಗೆ ಒಂದೇ ಆಮೆನ್

ಆಪರೇಟರಮ್ಮ ಚೆನ್ನಾಗಿದ್ದಾರೆ ಎಂಬುದಕ್ಕೆ ಚರ್ಚಿನ ಸಭೆಯ ಮೂವತ್ತೆರಡು ಮನೆಗಳಿಗೂ ದಿನಾ ಬೆಳಿಗ್ಗೆ ಆರು ಗಂಟೆಗೆ ಸಾಕ್ಷಿ ಸಿಗುತ್ತಿತ್ತು. ಸಭೆಯ ಗ್ರೂಪಿನಲ್ಲಿ ಅವರ ಧ್ವನಿ ಬರುತ್ತಿತ್ತು. "ಎದ್ದಿದ್ದೀನಿ, ದೇವರಿಗೆ ಸ್ತೋತ್ರ" ಎಂದೇ ಶುರು. ಆಮೇಲೆ ಎರಡು ನಿಮಿಷ ಒಂದು ಸಣ್ಣ ಪ್ರಾರ್ಥನೆ, ಒಂದು ಬುದ್ಧಿಮಾತು, ಒಂದಿಷ್ಟು ಗದರಿಕೆ. ಕೊನೆಗೆ "ಕೇಳಿಸ್ತಾ?" ಅಂತ ಕೇಳಿ ಮುಗಿಸುತ್ತಿದ್ದರು.

ಆ "ಕೇಳಿಸ್ತಾ" ಅವರ ಹಳೆಯ ಉದ್ಯೋಗದ ಚಾಳಿ. ಕೈಯಲ್ಲಿ ವೈರು ಚುಚ್ಚಿ ಒಬ್ಬರಿಗೊಬ್ಬರನ್ನು ಜೋಡಿಸುತ್ತಿದ್ದ ಕಾಲದಲ್ಲಿ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಆಪರೇಟರ್ ಆಗಿದ್ದವರು. "ಬರೀ ಗಂಟೆ ಹೊಡ್ಕೊಂಡ್ರೆ ಆ ಕಡೆ ಮನುಷ್ಯ ಇದ್ದಾನೆ ಅಂತಲ್ಲ. ಉಸಿರು ಕೇಳಿಸಿದ ಮೇಲೇ ಲೈನು ಕೊಡ್ಬೇಕು" ಎಂದು ಇವತ್ತಿಗೂ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಎಕ್ಸ್‌ಚೇಂಜು ಹೋಯಿತು, ಚಾಳಿ ಉಳಿಯಿತು. ಸಭೆಯವರು ಫೋನಿನ ಗ್ರೂಪು ಮಾಡಿಕೊಂಡಾಗ ಅದಕ್ಕೊಂದು ಕಟ್ಟುನಿಟ್ಟಿನ ಪದ್ಧತಿ ಹಾಕಿಕೊಟ್ಟವರೂ ಅವರೇ. ಬೆಳಗಿನ ಮಾತು ಕೇಳಿದ ಮೇಲೆ ಒಂದು ಮನೆಗೆ ಒಂದೇ ಆಮೆನ್. ಹೂವಿನ ಚಿತ್ರ, ಕೈಮುಗಿದ ಚಿತ್ರ, ಪಾರಿವಾಳ ಯಾವುದೂ ಕೂಡದು. ಆರೂಕಾಲರ ಒಳಗೆ ಅವರ ಹೊರತಾಗಿ ಮೂವತ್ತೆರಡು ಆಮೆನ್ ಬಂದಿರಬೇಕು. ಒಂದು ಕಮ್ಮಿಯಾದರೆ ಆರೂವರೆಗೆ ಆ ಮನೆಯ ಫೋನು ಹೊಡೆದುಕೊಳ್ಳುತ್ತಿತ್ತು.

"ಏನ್ರೀ, ನಿಮ್ಮನೆ ಆಮೆನ್ ಎಲ್ಲಿ?"

ಜನ ಗೊಣಗುತ್ತಿದ್ದರು. ಪ್ರಾರ್ಥನೆಗೂ ಹಾಜರಿ ಪುಸ್ತಕವೇ ಎನ್ನುತ್ತಿದ್ದರು. ಆದರೆ ಹಿಂದಿನ ವರ್ಷ ಬೇಕರಿಯವನ ಮನೆಯ ಆಮೆನ್ ಬಾರದೆ ಇವರು ಫೋನು ಮಾಡಿ, ಅದನ್ನು ಯಾರೂ ಎತ್ತದೆ, ಪಕ್ಕದವರನ್ನು ಓಡಿಸಿ ನೋಡಿಸಿದ್ದರಿಂದ ಸಕ್ಕರೆ ಇಳಿದು ಹಾಸಿಗೆಯಲ್ಲೇ ಎಚ್ಚರತಪ್ಪಿದ್ದ ಬೇಕರಿಯವ ಉಳಿದುಕೊಂಡಿದ್ದ. ಅವತ್ತಿನಿಂದ ಗೊಣಗು ಬಾಯೊಳಗೇ ಉಳಿಯಿತು. ಪಾದ್ರಿಗಳು ಎರಡು ಭಾನುವಾರ ಅದನ್ನೇ ಪ್ರಸಂಗ ಮಾಡಿ, "ನೋಡಿ, ನಮ್ಮ ಸಭೆ ಈಗ ಒಂದೇ ಸೂರಿನ ಕೆಳಗಿನ ಕುಟುಂಬ" ಎಂದರು. ಆ ಪ್ರಸಂಗವನ್ನು ಮುಕ್ಕಾಲು ಪಾಲು ಜನ ತಮ್ಮ ತಮ್ಮ ಸೂರಿನ ಕೆಳಗೆ, ಮೊಬೈಲಿನಲ್ಲೇ ನೋಡಿದರು ಅನ್ನುವುದು ಬೇರೆ ಮಾತು.

ಅದನ್ನು ಮೊಬೈಲಿಗೆ ತಲುಪಿಸುತ್ತಿದ್ದವಳು ವೈರಕ್ಕ. ಕೊರಳಲ್ಲಿ ಸದಾ ಒಂದು ವೈರು ನೇತಾಡುತ್ತಿದ್ದುದರಿಂದ ಆ ಹೆಸರು. ಭಾನುವಾರ ಸಭೆಯ ಮೈಕು, ಕ್ಯಾಮೆರಾ ನೋಡಿಕೊಳ್ಳುತ್ತಿದ್ದಳು. ಉಳಿದ ಆರು ದಿನ ಒಂದೂವರೆ ಬಾಗಿಲಗಲದ ಅಂಗಡಿಯಲ್ಲಿ ಕೂತು ಫೋನು ರಿಪೇರಿ ಮಾಡುತ್ತಿದ್ದಳು. ಕೈಯಲ್ಲಿ ಕೆಲಸವಿದ್ದವಳು, ನಾಲಿಗೆಯಲ್ಲಿ ನಗೆಯಿದ್ದವಳು, ಬೆಳಗಿನ ನಿದ್ದೆ ಅಂದರೆ ಮಾತ್ರ ಪ್ರಾಣ. ಎಂಟರ ಮುಂಚೆ ಆಕೆಯನ್ನು ಎಬ್ಬಿಸಿದವರು ಕೆಟ್ಟರು. ಹಾಗಾದರೆ ಅವಳ ಮನೆಯ ಆಮೆನ್? ಅದಕ್ಕೇನಂತೆ. ಅಂಗಡಿಯ ಕಂಪ್ಯೂಟರು ರಾತ್ರಿಯೆಲ್ಲ ಹೇಗೂ ಎಚ್ಚರವಿರುತ್ತದಲ್ಲ. ದಿನಾ ಬೆಳಿಗ್ಗೆ ಆರು ಗಂಟೆ ಒಂದು ನಿಮಿಷಕ್ಕೆ ಅದೇ ಅವಳ ಹೆಸರಿನಲ್ಲಿ ಆಮೆನ್ ಅನ್ನುವಂತೆ ಮಾಡಿಟ್ಟಿದ್ದಳು. ಎಂಟು ತಿಂಗಳಿಂದ ಆ ಮೂವತ್ತೆರಡರಲ್ಲಿ ಮೊದಲ ಆಮೆನ್ ಅವಳದೇ. ಆಪರೇಟರಮ್ಮ ಒಮ್ಮೆ ಗ್ರೂಪಿನಲ್ಲೇ ಹೊಗಳಿ, "ಈ ಹುಡುಗೀನ ನೋಡಿ ಕಲೀರಿ" ಎಂದಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಅಲ್ಲ ವೈರಕ್ಕ. ನಕ್ಕು ಸುಮ್ಮನಾಗಿದ್ದಳು.

ಅಂಥವಳ ಹತ್ತಿರ ಆಪರೇಟರಮ್ಮ ಒಂದು ಗುಟ್ಟು ತಂದರು. ಬಾಯಲ್ಲಿ ಉಳಿದಿದ್ದ ಕಡೆಯ ಒಂಬತ್ತು ಹಲ್ಲುಗಳನ್ನು ಕೀಳಿಸಬೇಕಿತ್ತು. ಒಸಡು ಮಾಗಿ ಕಟ್ಟಿಸಿದ ಹಲ್ಲು ಬಾಯಿಗೆ ಕೂರುವುದಕ್ಕೆ ನಲವತ್ತು ದಿನ ಬೇಕೆಂದು ಹಲ್ಲಿನ ಡಾಕ್ಟರು ಹೇಳಿದ್ದರು.

"ಇಡೀ ಊರು ನನ್ನ ಧ್ವನಿ ಕೇಳಿ ಬೆಳೆದಿದೆ ಕಣೇ," ಎಂದರು. "ಬೊಚ್ಚು ಬಾಯಲ್ಲಿ 'ಸ್ತೋತ್ರ' ಅನ್ನೋಕ್ಕಾಗುತ್ತಾ? ಗಾಳಿ ಹೋಗುತ್ತೆ. ಮಕ್ಕಳು ನಗ್ತವೆ. ನಲವತ್ತು ದಿನದ್ದೂ ಈಗಲೇ ಮಾತಾಡಿಬಿಡ್ತೀನಿ, ನೀನು ದಿನಕ್ಕೊಂದರಂತೆ ಕಳಿಸು. ಯಾರಿಗೂ ಹೇಳ್ಬಾರ್ದು, ದೇವರಾಣೆ."

"ಆಣೆ ಹಾಕಬಾರದು ಅಂತ ನೀವೇ ಹೇಳ್ತೀರಲ್ಲಮ್ಮ?"

"ಹಲ್ಲಿನ ವಿಷಯಕ್ಕೆ ನಡಿಯುತ್ತೆ, ಸುಮ್ನಿರು."

ಒಂದು ಮಧ್ಯಾಹ್ನವೆಲ್ಲ ಅಂಗಡಿಯ ಷಟರ್ ಅರ್ಧ ಎಳೆದು, ಇಬ್ಬರೂ ಆ ಕೆಲಸಕ್ಕೆ ಕೂತರು. ಆಪರೇಟರಮ್ಮ ಪ್ರತಿ ಸಲವೂ ಸೆರಗು ಸರಿಮಾಡಿಕೊಂಡು, ಆಗ ತಾನೇ ಹಾಸಿಗೆಯಿಂದ ಎದ್ದವರಂತೆ, "ಎದ್ದಿದ್ದೀನಿ, ದೇವರಿಗೆ ಸ್ತೋತ್ರ" ಎನ್ನುತ್ತಿದ್ದರು. ಇಪ್ಪತ್ತೈದನೆಯದಕ್ಕೆ ವೈರಕ್ಕನಿಗೆ ನಗು ತಡೆಯಲಾಗಲಿಲ್ಲ. "ಒಂದೇ ಮಧ್ಯಾಹ್ನಕ್ಕೆ ಇಪ್ಪತ್ತೈದು ಸಲ ಎದ್ದ್ರಲ್ಲಮ್ಮ, ಮಲಗೋದು ಯಾವಾಗ?" ಎಂದಳು. ಅವರೂ ಸುಸ್ತಾಗುವಷ್ಟು ನಕ್ಕರು. ಕೊನೆಗೆ ವೈರಕ್ಕ ಅವರ ಖಾತೆಯನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ, ನಲವತ್ತು ಬೆಳಗುಗಳನ್ನೂ ಸಾಲಾಗಿ ನಿಲ್ಲಿಸಿ, ಸಮಯ ಹಾಕಿದಳು.

ಸಭೆಗೆ ಆಪರೇಟರಮ್ಮ ಬೇರೆ ಕಥೆ ಹೇಳಿದರು. ನಲವತ್ತು ದಿನ ಏಕಾಂತ ಪ್ರಾರ್ಥನೆಯಲ್ಲಿರುತ್ತೇನೆ, ಯಾರೂ ಮನೆಗೆ ಬರಬೇಡಿ, ಫೋನು ಮಾಡಬೇಡಿ, ಬೇಕಾದರೆ ಬರೆಯಿರಿ, ನಾನೂ ಬರೆಯುತ್ತೇನೆ ಎಂದು. ಪಾದ್ರಿಗಳು ಅವರ ಭಕ್ತಿಯನ್ನು ಕೊಂಡಾಡಿದರು. ಗುಟ್ಟು ಗೊತ್ತಿದ್ದ ವೈರಕ್ಕ ಕ್ಯಾಮೆರಾದ ಹಿಂದೆ ಕೆಮ್ಮಿದಳು.

ಹದಿನೇಳನೆಯ ದಿನ, ಬುಧವಾರ, ಒಂಬತ್ತೂವರೆಗೆ ಅಂಗಡಿ ತೆಗೆದು ಕಸ ಗುಡಿಸುತ್ತಿದ್ದಾಗ ಸಭೆಯ ಟೈಲರಣ್ಣ ಬಂದ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಕಂಕುಳಲ್ಲಿ ಸಾಣೆ ಹಿಡಿಸಿ ತಂದಿದ್ದ ದೊಡ್ಡ ಕತ್ತರಿ ಇತ್ತು. ಎಂದೂ ಗಟ್ಟಿಯಾಗಿ ಮಾತಾಡದ ಮನುಷ್ಯ. ಫೋನನ್ನು ಮೇಜಿನ ಮೇಲೆ ಕುಕ್ಕಿದ.

"ಇದು ಕೆಟ್ಟಿದೆಯಾ ನೋಡು ತಂಗಿ. ನಾನು ಬರೆದದ್ದು ಹೋಗ್ತಿಲ್ಲವೋ, ಅಥವಾ ನಾನೇ ಬೇಡವಾಗಿದ್ದೀನೋ, ಒಂದು ತಿಳಿಯಲಿ."

ನಾಳೆ ಅವನಿಗೆ ಆಸ್ಪತ್ರೆಯಲ್ಲಿ ಪರೀಕ್ಷೆ ಇತ್ತು. ಗಂಟಲಲ್ಲಿ ಒಂದು ಗಂಟು. ಹೆಂಡತಿಗೂ ಹೇಳಿರಲಿಲ್ಲ. ಆಪರೇಟರಮ್ಮನಿಗೆ ಮಾತ್ರ ಭಾನುವಾರ ಸಂಜೆ ಬರೆದಿದ್ದ, ಸೋಮವಾರ ಬರೆದಿದ್ದ, ನಿನ್ನೆ ಎರಡು ಸಲ ಬರೆದಿದ್ದ. "ಊರಿಗೆಲ್ಲ ಬೆಳಿಗ್ಗೆ ಆರಕ್ಕೆ ಮಾತಾಡ್ತಾರೆ. ಇವತ್ತಂತೂ ಭಯಪಡಬೇಡಿ ಅಂತ ಎರಡು ನಿಮಿಷ ಹೇಳಿದ್ರು. ಹೆದರಿ ಸಾಯ್ತಿರೋ ನನಗೆ ಒಂದಕ್ಷರ ಇಲ್ಲ. ನನಗೂ ರೋಷ ಬಂತು. ಇವತ್ತು ಆಮೆನ್ ಹಾಕ್ಲಿಲ್ಲ. ಆರೂವರೆಗೆ ಬರೆದಾದರೂ ಕೇಳ್ತಾರೆ, ಆಗ ಹೇಳೋಣ ಅಂತ ಕಾದೆ. ಅದೂ ಇಲ್ಲ."

ವೈರಕ್ಕ ನಗುತ್ತಲೇ ಫೋನು ತೆಗೆದುಕೊಂಡಳು. ನಾಲ್ಕೂ ಸಂದೇಶ ತಲುಪಿದ್ದವು. ಒಂದನ್ನೂ ಓದಿರಲಿಲ್ಲ. ಆಪರೇಟರಮ್ಮ ಕೊನೆಯ ಸಲ ಯಾರಿಗೋ ಕೈಯಾರೆ ಉತ್ತರ ಬರೆದದ್ದು ಯಾವಾಗ ಎಂದು ತನ್ನ ಕಂಪ್ಯೂಟರಿನಲ್ಲಿ ಅವರ ಖಾತೆ ತೆರೆದು ನೋಡಿದಳು. ಭಾನುವಾರ ಸಂಜೆ ನಾಲ್ಕೂಮುಕ್ಕಾಲು. ಆಮೇಲೆ ಅವರ ಹೆಸರಿನಲ್ಲಿ ಹೋದದ್ದೆಲ್ಲ ಬೆಳಿಗ್ಗೆ ಆರಕ್ಕೆ ಸರಿಯಾಗಿ ಹೋಗಿತ್ತು. ಸೋಮವಾರ ಎದ್ದಿದ್ದೀನಿ. ಮಂಗಳವಾರ ಎದ್ದಿದ್ದೀನಿ. ಇವತ್ತೂ ಎದ್ದಿದ್ದೀನಿ. ಪ್ರತಿಯೊಂದರ ಕೆಳಗೆ, ಒಂದು ನಿಮಿಷದ ಅಂತರದಲ್ಲಿ, ಅವಳದೇ ಆಮೆನ್.

ಮೂರು ಬೆಳಗಿನಿಂದ ಈ ಡಬ್ಬಿಯೇ ಮಾತಾಡಿ, ಈ ಡಬ್ಬಿಯೇ ಆಮೆನ್ ಅಂದಿತ್ತು. ಉಳಿದ ಮನೆಯವರು ಆ ಧ್ವನಿಯನ್ನು ನಂಬಿ ಕಾಫಿ ಕುಡಿಯಲು ಹೋಗಿದ್ದರು. ಆ ಧ್ವನಿಯನ್ನು ನಂಬಬಾರದೆಂದು ಲೋಕದಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ, ಅವಳು ನಿದ್ದೆ ಮಾಡುತ್ತಿದ್ದಳು. ಕಮ್ಮಿ ಬಿದ್ದ ಆಮೆನ್ನನ್ನು ಆಪರೇಟರಮ್ಮ ಎಣಿಸುತ್ತಿದ್ದರು. ಆಪರೇಟರಮ್ಮನನ್ನು ಎಣಿಸುವವರು ಯಾರೆಂದು ಆ ಸಭೆಯಲ್ಲಿ ಒಬ್ಬರೂ ಯೋಚಿಸಿರಲಿಲ್ಲ.

"ನಡಿ ಅಣ್ಣ," ಎಂದಳು. ಷಟರ್ ಎಳೆಯುವುದನ್ನೂ ಮರೆತಳು.

ಎರಡೇ ಬೀದಿ. ನಡೆದರೆ ಐದು ನಿಮಿಷ. ಓಡುತ್ತಾ ಅವಳು ಟೈಲರಣ್ಣನಿಗೆ ಹಲ್ಲಿನ ಗುಟ್ಟು, ನಲವತ್ತು ಬೆಳಗಿನ ಗುಟ್ಟು ಎರಡನ್ನೂ ಏದುಸಿರಿನಲ್ಲಿ ಹೇಳಿದಳು. ತನ್ನ ಆಮೆನ್ನಿನ ಗುಟ್ಟು ಹೇಳಲಿಲ್ಲ. ದಾರಿಯುದ್ದಕ್ಕೂ ಅವರ ನಂಬರಿಗೆ ಹೊಡೆಯುತ್ತಲೇ ಇದ್ದಳು, ಅದು ಹೊಡೆದುಕೊಂಡು ಹೊಡೆದುಕೊಂಡು ನಿಲ್ಲುತ್ತಿತ್ತು. ದೇವರೇ, ನಿದ್ದೆ ಹೋಗಿರಲಿ, ಸ್ನಾನಕ್ಕೆ ಹೋಗಿರಲಿ, ನನ್ನ ಮೇಲೆ ಸಿಟ್ಟಾದರೂ ಆಗಿರಲಿ ಎಂದು ಬೇಡಿಕೊಂಡಳು. ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದ ನಿಜವಾದ ಪ್ರಾರ್ಥನೆ ಹೊರಟದ್ದು ಅದೇ ಮೊದಲು, ಅದೂ ಓಡುತ್ತಾ.

ನೆಲಮಹಡಿಯ ಮನೆ, ಹಸಿರು ಬಾಗಿಲು. ಬಾಗಿಲ ಹಿಡಿಯಲ್ಲಿ ಬ್ರೆಡ್ಡಿನ ಚೀಲ ನೇತಾಡುತ್ತಿತ್ತು. ಚೀಟಿಯ ಮೇಲೆ ಸೋಮವಾರದ ತಾರೀಖು. ತಂದುಕೊಟ್ಟವನು ಚೀಲ ತಗುಲಿಸಿ, ತಲುಪಿಸಿದ್ದೇನೆ ಎಂದು ಅದರ ಫೋಟೋ ತೆಗೆದುಕೊಂಡು ಹೋಗಿದ್ದ. ಈಗ ಅದರ ತುಂಬ ಇರುವೆ.

ಬಾಗಿಲು ಬಡಿದರು. ಕೂಗಿದರು. ಮೇಲಿನ ಮನೆಯಾಕೆ ಮೆಟ್ಟಿಲ ತಿರುವಿನಿಂದ ಇಣುಕಿದಳು, ಅವಳೂ ಸಭೆಯವಳೇ.

"ಯಾಕ್ರೀ ಹೀಗೆ ಬಡೀತೀರಾ? ಏಕಾಂತದಲ್ಲಿದ್ದಾರೆ, ಗೊತ್ತಿಲ್ವಾ?"

"ನೀವು ಅವರನ್ನ ಯಾವಾಗ ನೋಡಿದ್ದು?"

"ಬೆಳಿಗ್ಗೆ ತಾನೇ ಮಾತಾಡಿದ್ರಲ್ಲ! ನಾನು ಆಮೆನ್ ಹಾಕಿದೀನಿ."

"ನೋಡಿದ್ದು ಯಾವಾಗ ಅಂತ ಕೇಳ್ತಿದೀನಿ ಅಕ್ಕಾ, ಕಣ್ಣಲ್ಲಿ!"

ಆಕೆ ಬೆರಳು ಮಡಿಚಿ ಎಣಿಸಲು ಹೋಗಿ ನಿಲ್ಲಿಸಿದಳು. "ಸೋಮವಾರದಿಂದ ಏನೋ ಟಕ್ ಟಕ್ ಅಂತ ಸದ್ದು ಬರ್ತಿತ್ತು. ನಲ್ಲಿ ರಿಪೇರಿ ಮಾಡಿಸ್ತಿದ್ದಾರೆ ಅಂದ್ಕೊಂಡೆ," ಎಂದವಳು ಮೆಟ್ಟಿಲಿಳಿದು ಬಂದಳು. "ನಿನ್ನೆ ಸಂಜೆಯಿಂದ ಇಲ್ಲ."

ವೈರಕ್ಕ ಎಲ್ಲರನ್ನೂ ಸುಮ್ಮನಿರಿಸಿ ಬಾಗಿಲಿಗೆ ಕಿವಿಯೊಡ್ಡಿದಳು. ಒಳಗೆ ಫ್ರಿಜ್ಜಿನ ಗುಂಯ್‌ಗುಡುವಿಕೆ. ಇನ್ನೊಮ್ಮೆ ಫೋನು ಹಚ್ಚಿದಳು. ನಡುಮನೆಯಲ್ಲೆಲ್ಲೋ ಅದು ನಿರುಮ್ಮಳವಾಗಿ ಹಾಡಿಕೊಂಡಿತು, ನಿಂತಿತು. ಆಮೇಲೆ ಏನೂ ಇಲ್ಲ. ಸಾವಿರ ಸಲ ಮೈಕಿನ ತಂತಿಗೆ ಕಿವಿಯಿಟ್ಟು ಎಲ್ಲಿ ಸದ್ದು ಕಡಿದಿದೆ ಎಂದು ಹುಡುಕಿದವಳು ಅವಳು. ಇಂಥ ಮೌನಕ್ಕೆ ಎಂದೂ ಕಿವಿಕೊಟ್ಟಿರಲಿಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದಳು. ಅದು ಫೋನಿನ ಸ್ಕ್ರೂ ತೆಗೆಯುವ ಕಡ್ಡಿ, ಬಾಗಿಲಿಗೆ ಅದೆಲ್ಲಿ ಸಾಕು. ಸಂದಿಗೆ ತೂರಿಸಿದರೆ ಅದೂ ಬಾಗಿಹೋಯಿತು.

"ಸರಿ ಆ ಕಡೆ," ಎಂದ ಟೈಲರಣ್ಣ. ಯಾರಿಗೂ ಮುಟ್ಟಗೊಡದ ತನ್ನ ಕತ್ತರಿಯನ್ನು ಬಾಗಿಲ ಸಂದಿಗೆ ತೂರಿಸಿ, ಮೈಭಾರವನ್ನೆಲ್ಲ ಹಾಕಿ ಮೀಟಿದ. ಕತ್ತರಿಯ ಒಂದು ಅಲಗು ಲಟ್ಟೆಂದು ಮುರಿಯಿತು. ಬೀಗದ ನಾಲಿಗೆಯೂ ಕಿತ್ತುಬಂತು.

ಮೊದಲು ಬಂದದ್ದು ವಾಸನೆ. ನಡುಮನೆಯ ಮೇಜಿನ ಮೇಲೆ ಫೋನು ಚಾರ್ಜಿಗೆ ಹಾಕಿದಂತೆಯೇ ಇತ್ತು, ಅದರ ಪುಟ್ಟ ಹಸಿರು ದೀಪ ಮಿಣಕುತ್ತಿತ್ತು. ಕುರ್ಚಿಯ ಮೇಲೆ ಮಡಿಸಿಟ್ಟ ಸೀರೆ. ಅಡುಗೆಮನೆಯಲ್ಲಿ ಯಾರೂ ಇಲ್ಲ. ಬಚ್ಚಲಿನ ಹೊಸ್ತಿಲ ಮೇಲೆ ಎರಡು ಪಾದ ಕಂಡವು.

ಆಪರೇಟರಮ್ಮ ಪಕ್ಕೆಯ ಮೇಲೆ ಬಿದ್ದಿದ್ದರು, ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ವಾಲಿದ ಬಕೆಟ್ಟು ಗೋಡೆಗೆ ಒರಗಿತ್ತು, ತಳದಲ್ಲಿ ಒಂದು ಬೊಗಸೆ ನೀರು ಉಳಿದಿತ್ತು. ಕೈಯಲ್ಲಿ ಸ್ಟೀಲಿನ ಚೊಂಬು. ಚೊಂಬಿನ ಅಂಚು ನೆಲಕ್ಕೆ ಬಡಿದು ಬಡಿದು ನೆಗ್ಗಿಹೋಗಿತ್ತು. ಬಾಯಿ ಒಳಕ್ಕೆ ಸೇರಿ, ಮುಖ ಅವರದೇ ಅಲ್ಲವೆನ್ನುವಷ್ಟು ಚಿಕ್ಕದಾಗಿತ್ತು. ಆ ಬೊಚ್ಚು ಬಾಯನ್ನು ಯಾರಿಗೂ ತೋರಿಸಬಾರದೆಂದು ಅವರು ಬಾಗಿಲು ಹಾಕಿಕೊಂಡಿದ್ದರು.

"ಅಮ್ಮಾ!"

ಕಣ್ಣು ತೆರೆಯಿತು.

ಮೇಲಿನ ಮನೆಯಾಕೆ ಅಳುತ್ತಲೇ ಆಂಬ್ಯುಲೆನ್ಸಿಗೆ ಫೋನು ಮಾಡಿದಳು. ವೈರಕ್ಕ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಟ್ಟೆ ಅದ್ದಿ ತುಟಿ ಒದ್ದೆ ಮಾಡಿದಳು. ಊರೆಲ್ಲ ಕೇಳಿ ಬೆಳೆದ ಆ ಧ್ವನಿ ಕೂಗಿ ಕೂಗಿ ಸವೆದುಹೋಗಿ, ಬರೀ ಗಾಳಿಯಾಗಿತ್ತು. ಕಿವಿ ಹತ್ತಿರ ತಂದರೆ ಮಾತ್ರ ಮಾತು.

"ಇವತ್ತು ಮೂವತ್ತೊಂದೇ ಬಂತು," ಎಂದರು.

ಯಾರಿಗೂ ತಿಳಿಯಲಿಲ್ಲ.

"ಟಿಂಗ್ ಅನ್ನೋದು. ಎಣಿಸಿದೆ. ಮೊನ್ನೆ ಮೂವತ್ತೆರಡು. ನಿನ್ನೆ ಮೂವತ್ತೆರಡು. ಇವತ್ತು ಒಂದು ಕಮ್ಮಿ. ಯಾರಿಗೋ ಏನೋ ಆಗಿದೆ ಕಣೇ. ಫೋನು ಮಾಡಿ ಕೇಳಿದ್ಯಾ?"

ಟೈಲರಣ್ಣ ಬಚ್ಚಲ ನೆಲದಲ್ಲೇ ಮೊಣಕಾಲೂರಿದ. "ನಂದೇ ಅಮ್ಮ. ನಾನೇ ಹಾಕ್ಲಿಲ್ಲ. ನಿಮ್ಮ ಮೇಲೆ ಸಿಟ್ಟು ಬಂದಿತ್ತು."

"ಏನಾಯ್ತಪ್ಪ?"

"ನಾಳೆ ಪರೀಕ್ಷೆ ಇದೆ. ಗಂಟಲಲ್ಲಿ ಗಂಟು. ಭಯ ಆಗ್ತಿದೆ ಅಮ್ಮ."

ಅವರ ಕೈ ಚೊಂಬನ್ನು ಬಿಟ್ಟು, ತಡವರಿಸಿ, ಅವನ ಟೇಪಿನ ತುದಿಯನ್ನು ಹಿಡಿದುಕೊಂಡಿತು. "ನಾನೂ ಅಲ್ಲೇ ಇರ್ತೀನಲ್ಲ ಈಗ," ಎಂದರು. "ಜೊತೆಗಿರೋಣ. ಹೆದರ್ಬೇಡ." ಬೆಳಿಗ್ಗೆ ಎರಡು ನಿಮಿಷ ಹೇಳಿದ್ದ ಅದೇ ಮಾತಿಗೆ ಅವನು ರೋಷಗೊಂಡಿದ್ದ. ಈಗ ಮಗುವಿನ ಹಾಗೆ ಅತ್ತುಬಿಟ್ಟ.

ಆಮೇಲೆ ಅವರ ಕಣ್ಣು ವೈರಕ್ಕನ ಕಡೆ ತಿರುಗಿತು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ದಿನಾ ನಿನ್ನದೇ ಮೊದಲು," ಎಂದರು. "ಆರು ಗಂಟೆ ಒಂದು ನಿಮಿಷ. ಬೆಳಕು ಹರಿಯೋಕೆ ಮುಂಚೆ ಮೊದಲನೇ ಟಿಂಗ್. ಅದು ಕೇಳಿದ್ರೆ ಧೈರ್ಯ ಬರ್ತಿತ್ತು. ನನ್ನ ಹುಡುಗಿ ಎದ್ದಿದ್ದಾಳೆ, ಎರಡೇ ಬೀದಿ ಆಚೆ ಇದ್ದಾಳೆ ಅಂತ. ಬೆಳಗಿನ ಆ ಮಾತು ಮೊದಲೇ ಮಾತಾಡಿಟ್ಟದ್ದು ಅಂತ ನಿನಗೊಬ್ಬಳಿಗೇ ಗೊತ್ತಲ್ಲ. ಬಂದೇ ಬರ್ತಾಳೆ ಅಂತ, ಆ ಟಿಂಗ್‌ಗೆ ಸರಿಯಾಗಿ, ಇರೋ ಶಕ್ತಿಯೆಲ್ಲ ಹಾಕಿ ನಿನ್ನನ್ನೇ ಕೂಗ್ತಿದ್ದೆ. ಕೇಳಿಸ್ಲಿಲ್ವೇನೇ?"

ವೈರಕ್ಕ ನಿಜ ಹೇಳದಿದ್ದರೂ ನಡೆಯುತ್ತಿತ್ತು. ನಿದ್ದೆಗಣ್ಣಲ್ಲಿ ಆಮೆನ್ ಹಾಕಿ ಮತ್ತೆ ಮಲಗಿದ್ದೆ ಎಂದಿದ್ದರೆ ಅವರು ನಂಬುತ್ತಿದ್ದರು, ಲೋಕವೂ ನಂಬುತ್ತಿತ್ತು. ಟೈಲರಣ್ಣ ಅವಳನ್ನೇ ನೋಡುತ್ತಿದ್ದ.

"ಅಮ್ಮಾ, ಅದು ನಾನಲ್ಲ," ಎಂದಳು.

"ಮತ್ತೆ ಯಾರೇ?"

ಅವಳು ಹೇಳಿದಳು. ಕಂಪ್ಯೂಟರಿಗೆ ಹೇಳಿಕೊಟ್ಟದ್ದು, ಎಂಟು ತಿಂಗಳಿಂದ ಒಂದು ಬೆಳಗೂ ಅವರ ಮಾತು ಕೇಳದೇ ಇದ್ದದ್ದು, ಅವರು ಗ್ರೂಪಿನಲ್ಲಿ ಹೊಗಳಿದಾಗ ನಕ್ಕದ್ದು, ಮೂರು ಬೆಳಗೂ ಅವರು ಇಲ್ಲಿ ಕೂಗುವಾಗ ತಾನು ಮುಸುಕು ಹೊದ್ದು ಮಲಗಿದ್ದದ್ದು. ಒಂದನ್ನೂ ಬಿಡದೆ, ಅವರ ಮುಖ ನೋಡುವ ಧೈರ್ಯವಿಲ್ಲದೆ, ನೆಗ್ಗಿದ ಆ ಚೊಂಬನ್ನು ನೋಡುತ್ತಾ ಹೇಳಿ ಮುಗಿಸಿದಳು. ಬೈಗುಳಕ್ಕೆ ಕಾದಳು. ಬೈಯಲಿ ಎಂದೇ ಕಾದಳು.

ಉತ್ತರ ಬರಲಿಲ್ಲ.

"ಅಮ್ಮ? ಕೇಳಿಸ್ತಾ?"

ಕಣ್ಣು ಮುಚ್ಚಿತ್ತು. ಟೇಪು ಹಿಡಿದಿದ್ದ ಕೈ ಸಡಿಲವಾಗಿತ್ತು. ಹೊರಗೆ ಎಲ್ಲೋ ದೂರದಲ್ಲಿ ಆಂಬ್ಯುಲೆನ್ಸಿನ ಕೂಗು ಕೇಳುತ್ತಿತ್ತು. ಮೇಲಿನ ಮನೆಯಾಕೆ ಚೀರಲು ಬಾಯಿ ತೆರೆದಳು. ವೈರಕ್ಕ ಕೈ ಎತ್ತಿ ಅವಳನ್ನು ತಡೆದಳು. ಬಾಗಿ, ತನ್ನ ಕಿವಿಯನ್ನು ಆ ಬೊಚ್ಚು ಬಾಯಿಗೆ ತಾಕುವಷ್ಟು ಹತ್ತಿರ ತಂದು, ತನ್ನ ಉಸಿರನ್ನು ಬಿಗಿಹಿಡಿದಳು. ಹತ್ತು ಎಣಿಸಿದಳೋ, ಇಪ್ಪತ್ತು ಎಣಿಸಿದಳೋ, ಅವಳಿಗೇ ತಿಳಿಯಲಿಲ್ಲ.

ಆಮೇಲೆ ಕಿವಿಗೆ ಬೆಚ್ಚಗೆ ಏನೋ ತಗುಲಿತು. ತೀರ ತೆಳುವಾಗಿ, ತಡೆದು ತಡೆದು, ಉಸಿರು ಬರುತ್ತಿತ್ತು.

"ಇದೆ," ಎಂದಳು. ಸ್ಟ್ರೆಚರ್ ಒಳಗೆ ಬಂದು, ಬಂದವರು ಸರಿಯಿರಿ ಎಂದು ಎರಡು ಸಲ ಹೇಳುವವರೆಗೂ ಅವಳು ಕಿವಿ ತೆಗೆಯಲಿಲ್ಲ.